ಹುಣಸೆಹಣ್ಣು ಕಂಡ ಟ್ಯಾಂಕು

ಗಾಡಿ ನಿಲ್ಲಿಸುವ ರೀತಿಯಲ್ಲೇ ಗಂಡಸಿನ ಪೂರ್ತಿ ಜಾತಕ ಇರುತ್ತದೆ ಎಂಬುದು ತಾಯಕ್ಕನ ಅಭಿಪ್ರಾಯ. ಹೊಸಪೇಟೆಯಿಂದ ಟಿ.ಬಿ. ಡ್ಯಾಂಗೆ ಹೋಗುವ ರಸ್ತೆಯಲ್ಲಿ ಅವಳ ಅಪ್ಪ ಎರ್ರಿಯಪ್ಪನ ಗಾಡಿ ಪೇಂಟಿಂಗ್ ಶೆಡ್ಡು. ಕಂಪ್ಲಿ ಕಡೆಯ ಹುಡುಗರು ಅಲ್ಲಿಗೆ ಬಂದರೆ ಮೊದಲು ಹಾರ್ನ್ ಹೊಡೆಯುತ್ತಿದ್ದರು, ಆಮೇಲೆ ಸೈಡ್ ಮಿರರ್‌ನಲ್ಲಿ ಕ್ರಾಪು ತಿದ್ದುತ್ತಿದ್ದರು, ಕೊನೆಗೆ ಪುರಸೊತ್ತಾದರೆ ಎದುರಿಗಿರುವ ಮನುಷ್ಯರನ್ನು ನೋಡುತ್ತಿದ್ದರು. ಕಾಲುವೆಗೆ ನೀರು ಬಿಟ್ಟಾಗಿನಿಂದ ಆ ಕಡೆ ವರ್ಷಕ್ಕೆ ಎರಡು ಬೆಳೆ ಭತ್ತ, ಮೂರು ಬೆಳೆ ಮೀಸೆ.

ಅವತ್ತು ಬಂದವನೂ ಇದನ್ನೆಲ್ಲ ಕ್ರಮವಾಗಿ ಮಾಡಿದ. ಹೊಸಾ ಎಜ್ಡಿ ಬೈಕು. ಟ್ಯಾಂಕಿನ ಮೇಲೆ ಮಾತ್ರ ಟವಲ್ ಹೊದಿಸಿದ್ದ, ಜ್ವರ ಬಂದ ಕೂಸಿಗೆ ಹೊದಿಸಿದಂತೆ.

“ಯಜಮಾನ್ರು ಇಲ್ಲೇನ್ರಿ?”

“ಊಟಕ್ಕ ಹೋಗ್ಯಾರ. ಏನಾಗೇತಿ ಹೇಳ್ರಿ.”

“ನಿಮಗ ತಿಳಿಯಂಗಿಲ್ಲ ಬಿಡ್ರಿ. ಟೆಕ್ನಿಕಲ್ ಐತಿ.”

ತಾಯಕ್ಕ ಎದ್ದು ಬಂದು ಟವಲ್ ಎತ್ತಿದಳು. ಕೆಂಪು ಟ್ಯಾಂಕು ಹೊಳಪು ಕಳೆದುಕೊಂಡು ಮಂಕಾಗಿತ್ತು. ಮೈತುಂಬ ಸುತ್ತು ಸುತ್ತು ಗೀರು. ಚಿನ್ನದ ಬಣ್ಣದ ಗೆರೆ ಅರ್ಧಕ್ಕೇ ಅಳಿಸಿಹೋಗಿತ್ತು.

“ಲಾರಿ ತಿಕ್ಕಿತು,” ಎಂದ ಅವನು.

“ರೌಂಡ್ ರೌಂಡ್ ತಿಕ್ಕಿತೇನ್ರಿ? ಡ್ರೈವರ್ ಭಾಳ ಸಮಾಧಾನದ ಮನುಷ್ಯಾ ಇರಬೇಕು. ಲಾರಿ ನಿಲ್ಲಿಸಿ, ಇಳಿದು, ಕುಂತು, ಹುಣಸೆಹಣ್ಣು ಬೂದಿ ಹಚ್ಚಿ ಕೊಡ ಬೆಳಗಿದಂಗ ಬೆಳಗ್ಯಾನ.”

ಟ್ಯಾಂಕಿನ ಕೆಂಪು ಎಲ್ಲಿ ಹೋಯಿತೆಂದು ತಾಯಕ್ಕನಿಗೆ ಆಗ ಗೊತ್ತಾಯಿತು. ಅವನ ಕಿವಿಗೆ ಹೋಗಿತ್ತು.

“ನಮ್ಮವ್ವ,” ಎಂದ ಕೊನೆಗೆ, ದನಿ ತಗ್ಗಿಸಿ. “ಆಯುಧ ಪೂಜೆಗೆ ಮನ್ಯಾಗಿನ ಹಿತ್ತಾಳಿ ತಾಮ್ರ ಎಲ್ಲಾ ಬೆಳಗಿದ್ಲು. ಗಾಡಿ ಒಂದ ಯಾಕ ಮಾಸಿರಬೇಕು ಅಂತ, ನಾ ಏಳೋದ್ರೊಳಗ ಅದನ್ನೂ…”

“ಬೈದ್ರೇನು ಅವ್ವನ್ನ?”

“ಸೊಂಟದ ಮ್ಯಾಲೆ ಕೈ ಇಟ್ಕೊಂಡು, ಹೆಂಗೈತಿ ನೋಡು ಅಂತ ನಗಾಕತ್ತಿದ್ಲು. ಏನಂತ ಬೈಲಿ?”

ತಾಯಕ್ಕನ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಅಷ್ಟಕ್ಕೇ ಅವನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು.

“ದೀಪಾವಳಿಗೆ ನಮ್ಮ ಮಾವಾರು ಬರ್ತಾರ್ರಿ, ಸಂಡೂರಿಂದ. ಗಾಡಿ ಅವ್ರು ಕೊಟ್ಟಿದ್ದು, ನಿಶ್ಚಿತಾರ್ಥಕ್ಕ. ಅಷ್ಟರಾಗ ಇದು ಶೋರೂಮಿನಾಗಿದ್ದಂಗ ಆಗಬೇಕು.”

“ಓ,” ಎಂದಳು ತಾಯಕ್ಕ. ಒಂದೇ ಅಕ್ಷರ. ಅದರೊಳಗೆ ಸಂಡೂರು ಗುಡ್ಡದ ಅದಿರೆಲ್ಲ ತುಂಬಿ ಅವನ ತಲೆಯ ಮೇಲೆ ಸುರಿದಳು.

ಅವನ ಹೆಸರು ಹೊನ್ನೂರಸ್ವಾಮಿ. ಅವಳ ಹೆಸರು ಕೇಳಿದಾಗ ಅವನೂ ಎಲ್ಲರಂತೆ ತಡವರಿಸಿದ. ತಾಯಿಯೂ ಅಕ್ಕನೂ ಒಂದೇ ಹೆಸರಿನಲ್ಲಿ ಕಾವಲು ಕೂತಿದ್ದರಿಂದ, ಪಿಯುಸಿಯ ಎರಡು ವರ್ಷದಲ್ಲಿ ಯಾವ ಹುಡುಗನಿಗೂ ಅವಳಿಗೆ ಚೀಟಿ ಬರೆಯುವ ಧೈರ್ಯ ಬಂದಿರಲಿಲ್ಲ.

*

ಟ್ಯಾಂಕು ಬಿಚ್ಚಿದರು. ಹಳೆ ಬಣ್ಣ ಕೆರೆದು, ಪುಟ್ಟಿ ಹಾಕಿ, ಒಣಗಿಸಿ, ವಾಟರ್ ಪೇಪರೆಂಬ ಒದ್ದೆ ಮರಳುಕಾಗದದಲ್ಲಿ ಉಜ್ಜುವುದು ತಾಯಕ್ಕನ ಕೆಲಸ. ಸ್ಪ್ರೇ ಗನ್ ಹಿಡಿದು ಬಣ್ಣ ಹೊಡೆಯುವುದು ಎರ್ರಿಯಪ್ಪನದು. ಅದಿರಿನ ಲಾರಿಗಳ ಓಡಾಟ ಶುರುವಾದರೆ ಹಸಿ ಬಣ್ಣದ ಮೇಲೆ ಕೆಂಧೂಳು ಕೂರುತ್ತದೆ. ಹಾಗಾಗಿ ಬೆಳಗಿನ ಜಾವವೇ ನೆಲಕ್ಕೆ ನೀರು ಹೊಡೆದು, ಹಸಿ ಗೋಣಿ ಇಳಿಬಿಟ್ಟು ಒಂದು ಕೋಟ್ ಹೊಡೆದರೆ ಆ ದಿನದ ಪುಣ್ಯ ಮುಗಿಯಿತು.

ಕಂಪ್ಲಿ ಬಸ್ಸಿನಲ್ಲಿ ಹೊನ್ನೂರಸ್ವಾಮಿ ದಿನಾ ಬರತೊಡಗಿದ. ಬಣ್ಣ ಒಣಗುವುದನ್ನು ನೋಡಲು ಬಸ್ಸು ಹತ್ತಿ ಬರುವ ಮನುಷ್ಯನನ್ನು ತಾಯಕ್ಕ ಕಂಡಿರಲಿಲ್ಲ.

“ಇವತ್ತೇನ್ರಿ ಕೆಲಸ ಈ ಕಡೆ?”

“ಗೊಬ್ಬರ ತಗೊಳ್ಳಾಕ ಬಂದಿದ್ದೆ.”

“ಕಂಪ್ಲ್ಯಾಗ ಸಿಗಂಗಿಲ್ಲೇನು? ಸುಮ್ನ ಕುಂದ್ರಬ್ಯಾಡ್ರಿ, ಉಜ್ಜರಿ.”

ವಾಟರ್ ಪೇಪರು ಕೊಟ್ಟಳು. ಅವನು ಟ್ಯಾಂಕಿನ ಮೇಲೆ ಬಿದ್ದು ಉಜ್ಜತೊಡಗಿದ.

“ಅಯ್ಯ, ಒತ್ತಬ್ಯಾಡ್ರಿ! ಗದ್ದಿ ಹೂಡಾಕತ್ತೀರೇನು? ಹಿಂಗ. ಬೆರಳು ಚಾಚಿ, ಹಗೂರಕ.”

ತೋರಿಸಲು ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟಳು. ಟ್ಯಾಂಕಿನ ಮೇಲಿಂದ ನೀರು ಇಳಿಯುತ್ತಿತ್ತು. ಅವನು ಟ್ಯಾಂಕು ನೋಡುವುದು ಬಿಟ್ಟು ಅವಳ ಮುಂಗೈಯ ಮೇಲೆ ಒಣಗಿದ್ದ ಕೆಂಪು ಹನಿಯೊಂದನ್ನು ನೋಡುತ್ತಿದ್ದ. ನೋಡುವುದನ್ನು ಅವಳು ನೋಡಿದಳು. ಕೈ ಮಾತ್ರ ಬೇಕಾದ್ದಕ್ಕಿಂತ ಒಂದು ಉಸಿರು ತಡವಾಗಿ ತೆಗೆದಳು. ಅದಕ್ಕಾಗಿ ಇಡೀ ಮಧ್ಯಾಹ್ನ ತನ್ನನ್ನೇ ಬೈದುಕೊಂಡಳು. ಮಾವ ಕೊಟ್ಟ ಗಾಡಿಗೆ ಕಾವಲು ಕೂತ ಗಂಡಸು! ಥೂ!

ಒಂದು ದಿನ ಅವನ ಚಿಕ್ಕಪ್ಪ ಉಜ್ಜಿನಪ್ಪ ತಪಾಸಣೆಗೆ ಬಂದ. ಸಂಬಂಧ ಕುದುರಿಸಿದ್ದೇ ಅವನು. ಬಾಯ್ತುಂಬ ಎಲೆ ಅಡಿಕೆ ತುಂಬಿಕೊಂಡು, ಟ್ಯಾಂಕಿನ ಸುತ್ತ ಎತ್ತು ಕೊಳ್ಳುವವನಂತೆ ಸುತ್ತಿ, ಗಂಟಲು ಸರಿಮಾಡಿಕೊಂಡು, “ಒಂದು ಗೀರು ಇರಬಾರದವ್ವ, ಬೀಗರು ಅಂದ್ರ ಸಾಮಾನ್ಯರಲ್ಲ, ಏಳು ಲಾರಿ ಇಟ್ಟಾರ,” ಎಂದು ಹೇಳಿ ಹೋದ.

ಅವನು ರಸ್ತೆ ದಾಟುವುದೇ ತಡ, ತಾಯಕ್ಕ ಒಂದು ಕೆನ್ನೆ ಉಬ್ಬಿಸಿ, ಹೊಟ್ಟೆ ಮುಂದೆ ಮಾಡಿ, ಕತ್ತೆತ್ತಿ ನಿಂತಳು. “ಏಲು ಲಾಲಿ ಇತ್ತಾಲವ್ವ! ಸಾಮಾನ್ಯಲಲ್ಲ!”

ಹೊನ್ನೂರಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ತಾಯಕ್ಕ ನಿಲ್ಲಿಸಲಿಲ್ಲ. ಟವಲ್ ಎತ್ತಿ ಎದೆಗವಚಿಕೊಂಡು, ಭುಜ ಕುಗ್ಗಿಸಿ, ಕಣ್ಣು ಕೆಳಗೆ ಮಾಡಿದಳು. “ನಮ್ಮ ಮಾವಾರು ಕೊಟ್ಟಿದ್ದು ರೀ… ನಿಶ್ಚಿತಾರ್ಥಕ್ಕ…”

ಅವನ ನಗು ಅರ್ಧಕ್ಕೇ ನಿಂತಿತು.

“ನಾ ಹಂಗ ಮಾತಾಡ್ತೀನೇನು?”

“ಇಲ್ರಿ. ನಿಮ್ಮ ದನಿ ಇನ್ನೂ ಸಣ್ಣದೈತಿ. ನನಗ ಅಷ್ಟು ಸಣ್ಣಗ ಬರಂಗಿಲ್ಲ.”

ಮತ್ತೆ ವಾಟರ್ ಪೇಪರು ಕೈಗೆತ್ತಿಕೊಂಡ. ಅವಳೇ ಕೇಳಿದಳು, “ಹುಡುಗಿ ಹೆಂಗದಾಳ?”

“ಸರಿಯಾಗಿ ನೋಡಿಲ್ಲ. ಅವತ್ತು ಎಲ್ಲಾರೂ ಗಾಡಿ ನೋಡಾಕತ್ತಿದ್ರು.”

“ನೀವು?”

“ನಾನೂ.”

“ಹಂಗಾರ ಗಾಡೀನ ಲಗ್ನ ಆಗ್ರಿ. ತಾಳಿ ಹ್ಯಾಂಡಲಿಗೆ ಕಟ್ಟರಿ. ಆಕಿನ್ಯಾಕ ನಡುವ ತರ್ತೀರಿ, ಸ್ಟೆಪ್ನಿಗೆ?”

ಅವನು ತಲೆ ಎತ್ತಲಿಲ್ಲ. “ಒಲ್ಲೆ ಅನ್ನಬೇಕಂದ್ರ ಗಾಡಿ ತಿರುಗಿ ಕೊಡಬೇಕು. ನಮ್ಮ ಕಡೆ ಹಂಗ. ಹೆಂಗ ಕೊಟ್ಟಿದ್ರೋ ಹಂಗ ಅವ್ರ ಅಂಗಳದಾಗ ನಿಲ್ಲಿಸಿದ್ರ ಮಾತು ಮುರಿದಂಗ. ಗೀರು ಬಿದ್ದಿದ್ದು ಅವ್ರು ತಗೊಳ್ಳಂಗಿಲ್ಲ. ಬಳಸಿಬಿಟ್ಟೀರಿ, ಇನ್ನ ನೀವು ನಮ್ಮ ಅಳಿಯಾನ ಅಂತಾರ.”

“ಒಲ್ಲೆ ಅನ್ನಾಕ ಮನಸೈತೇನು?”

“ಚಿಕ್ಕಪ್ಪ ಮಾತು ಕೊಟ್ಟಾನ.”

“ಚಿಕ್ಕಪ್ಪ ಮಾತು ಕೊಟ್ಟಾನ, ಮಾವ ಗಾಡಿ ಕೊಟ್ಟಾನ. ನೀವೇನು ಕೊಟ್ಟೀರಿ? ಕುಂಡಿ ಒಂದು, ಸೀಟಿನ ಮ್ಯಾಲೆ ಇಡಾಕ.”

ಅಂದುಬಿಟ್ಟಳು. ಅವನು ವಾಟರ್ ಪೇಪರು ನೀರಲ್ಲಿ ಅದ್ದಿಟ್ಟು, ಎದ್ದು ಹೋದ. ಎರಡು ದಿನ ಬರಲಿಲ್ಲ. ಆ ಎರಡು ದಿನವೂ ಕಂಪ್ಲಿ ಬಸ್ಸು ಬಂದಾಗಲೆಲ್ಲ ತಾಯಕ್ಕನ ಕತ್ತು ಅವಳನ್ನು ಕೇಳದೆಯೇ ಆ ಕಡೆ ತಿರುಗಿತು. ಸ್ವಂತ ಕತ್ತಿನ ಮೇಲೂ ಅವಳಿಗೆ ತಿರಸ್ಕಾರ ಹುಟ್ಟಿತು.

ಟ್ಯಾಂಕು ಈಗ ಅವಳ ಕೈಯಲ್ಲಿತ್ತು. ಒಂದು ಗುಳ್ಳೆ, ಒಂದು ಮಸುಕು ಉಳಿಸಿದರೆ ಅವನು ಸಂಡೂರಿನ ಅಳಿಯ. ಗೀರಿಲ್ಲದೆ ಮಾಡಿಕೊಟ್ಟರೂ ಅವನು ಅಳಿಯನೇ ಆಗಬಹುದು. ಆದರೆ ಒಲ್ಲೆ ಎನ್ನುವ ದಾರಿಯೊಂದು ತೆರೆದಿರುತ್ತದೆ. ಆ ದಾರಿ ಹಿಡಿಯುವಷ್ಟು ಗಂಡಸೇ ಅವನು? ನಂಬಿಕೆ ಇರಲಿಲ್ಲ. ಆದರೂ ಕನ್ನಡಿಯಂತೆ ಉಜ್ಜಿದಳು.

ಮೂರನೆಯ ದಿನ ಬಂದ. ಚಿನ್ನದ ಗೆರೆ ಎಳೆಯುವುದೊಂದೇ ಬಾಕಿ. ಉದ್ದ ಕೂದಲಿನ ಬ್ರಶ್ಶು ಹಿಡಿದು, ಉಸಿರು ಕಟ್ಟಿ, ಕಿರುಬೆರಳು ಟ್ಯಾಂಕಿಗೆ ಊರಿ ಗೆರೆ ಶುರು ಮಾಡಿದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

“ಆ ಕಡೆ ನೋಡ್ರಿ. ನೀವು ನೋಡಿದ್ರ ಗೆರಿ ಸೊಟ್ಟ ಬರ್ತತಿ.”

“ನನಗ ಸೊಟ್ಟ ಇದ್ರೂ ನಡಿತತಿ.”

“ನಿಮಗ ಏನಿದ್ರೂ ನಡಿತತಿ, ಗೊತ್ತೈತಿ. ನಿಮ್ಮ ಮಾವಗ ನಡೀಬೇಕಲ್ಲ?”

ಅವನು ಆ ಕಡೆ ನೋಡಲಿಲ್ಲ. ಗೆರೆ ಸೊಟ್ಟವಾಗಲೂ ಇಲ್ಲ. ಅವಳ ಕೆನ್ನೆ ಮಾತ್ರ, ಗನ್ ಹಿಡಿಯದೆಯೇ, ಒಂದು ಕೋಟ್ ಕೆಂಪಾಯಿತು.

ಮರುದಿನ ಎರ್ರಿಯಪ್ಪ ಟ್ಯಾಂಕು ಕೂರಿಸಿಕೊಟ್ಟ. ಹೊನ್ನೂರಸ್ವಾಮಿ ಹಾರ್ನ್ ಹೊಡೆಯಲಿಲ್ಲ, ಕ್ರಾಪು ತಿದ್ದಲಿಲ್ಲ. ಒಂದೇ ಕಿಕ್ಕಿಗೆ ಗಾಡಿ ಎಬ್ಬಿಸಿ ಸಂಡೂರು ರಸ್ತೆ ಹಿಡಿದ. ದೀಪಾವಳಿಗೆ ಮಾವನೇ ಬರುವವನಿದ್ದಾಗ ಇವನಿಗೆ ತಡೆಯಲಾಗಲಿಲ್ಲವೇ? ಮುಂಚೆಯೇ ಓಡಿದನೇ, ಬಾಲ ಅಲ್ಲಾಡಿಸಲು?

“ಅಗದಿ ಮಸ್ತ್ ಕೆಲಸ ಮಾಡೀ ತಾಯಿ,” ಎಂದ ಅಪ್ಪ.

“ಕತ್ತೆಗೆ ಕಿರೀಟ ಕಟ್ಟೀನಪ್ಪಾ, ಇನ್ನೇನು,” ಎಂದು ಬ್ರಶ್ಶನ್ನು ಥಿನ್ನರಿನ ಡಬ್ಬಿಗೆ ಎಸೆದಳು.

*

ಹೊತ್ತು ಇಳಿಯುವಾಗ ಸಂಡೂರು ಬಸ್ಸು ಶೆಡ್ಡಿನ ಮುಂದೆ ನಿಧಾನವಾಯಿತು. ಇಳಿದವನ ಬಿಳಿ ಅಂಗಿ, ಹುಬ್ಬು, ಮೀಸೆ ಎಲ್ಲ ಅದಿರಿನ ಕೆಂಪು.

“ಗಾಡಿ?” ಎಂದಳು ತಾಯಕ್ಕ.

“ಸಂಡೂರಾಗೈತಿ.”

“ಕೆಟ್ಟು ನಿಂತಿತೇನು?”

“ಇಲ್ಲ. ಅವ್ರ ಅಂಗಳದಾಗ ನಾನ ನಿಲ್ಲಿಸಿ ಬಂದೆ.”

ತಾಯಕ್ಕ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. ಮುಖ ಮಾತ್ರ ಮೊದಲಿನಂತೆಯೇ ಗಂಟು ಹಾಕಿಕೊಂಡಿತ್ತು, ಸಾಹಸ ಮಾಡಿ.

“ಮಾವಾರು ಚಸ್ಮಾ ಹಾಕ್ಕೊಂಡು ನೋಡಿದ್ರು. ತೆಗೆದು ನೋಡಿದ್ರು. ಲಾರಿ ಡ್ರೈವರ್‌ನ ಕರಿಸಿ ನೋಡಿಸಿದ್ರು. ಒಂದು ಗೀರು ಸಿಗಲಿಲ್ಲ. ಆಮ್ಯಾಲೆ ಭಾಳ ಬೈದ್ರು. ಹುಡುಗಿ ಒಳಗಿಂದ ಹೊರಗ ಬಂದ್ಲು. ಆಕಿಗೆ ಟೀಚರ್ ಟ್ರೈನಿಂಗಿಗೆ ಹೋಗೋದಿತ್ತಂತ.”

“ಏನಂದ್ಲು?”

“ಭಾಳ ಉಪಕಾರ ಆತು ಅಣ್ಣಾ, ಅಂದ್ಲು.”

ತಾಯಕ್ಕ ತುಟಿ ಕಚ್ಚಿದಳು. ಆಗಲಿಲ್ಲ. ನಗು ಮೂಗಿನಿಂದ ಹೊರಬಂತು. “ನಿಶ್ಚಿತಾರ್ಥ ಆದ ಹುಡುಗಿ ಕಡೆ ಅಣ್ಣಾ ಅನ್ನಿಸ್ಕೊಂಡು ಬಂದೀರೇನು!”

“ನಗ್ರಿ. ಚಿಕ್ಕಪ್ಪಗ ಗೊತ್ತಾದ್ರ ಮನೀ ಮೆಟ್ಟಲು ಹತ್ತಸಂಗಿಲ್ಲ. ಅವ್ವಗೂ ಇನ್ನ ಹೇಳಿಲ್ಲ. ಮೊದಲು ಇಲ್ಲಿಗೇ ಬಂದೆ.”

“ಇಲ್ಲಿಗ್ಯಾಕ? ಗಾಡಿ ಇದ್ದಾಗ ಒಂದೀಟು ನೋಡಂಗ ಇದ್ರಿ. ಈಗೇನೈತಿ ನಿಮ್ಮ ಹತ್ರ?”

ಅವನು ಯೋಚಿಸಿದ. ಧೂಳಿನ ಮುಖದಲ್ಲಿ ಕಣ್ಣೆರಡೇ ಸ್ವಚ್ಛವಾಗಿದ್ದವು. “ಏನಿಲ್ಲ. ಎಲ್ಲಾರೂ ನನ್ನ ನೋಡಿ ಗಾಡಿ ಮಾತಾಡಿದ್ರು. ನೀವೊಬ್ರ ಗಾಡಿ ನೋಡಿ ನನ್ನ ಬೈದ್ರಿ. ಇನ್ನ ಬೈಸ್ಕೋಬೇಕು ಅನ್ನಸ್ತು.”

“ಎಷ್ಟು ದಿವಸ?”

“ನಿಮಗ ಸಾಕಾಗೋ ತನಕ.”

“ನನಗ ಜಲ್ದಿ ಸಾಕಾಗಂಗಿಲ್ಲ. ಮೊದಲ ಹೇಳೀನಿ.”

“ಅದ ಬೇಕಿತ್ತು,” ಎಂದ ಅವನು, ಆ ಸಣ್ಣ ದನಿಯಲ್ಲೇ.

ಒಳಗಿನಿಂದ ಎರ್ರಿಯಪ್ಪ ಕೂಗಿದ, “ತಾಯೀ, ಯಾರದು? ಗಿರಾಕಿಯೇನು?”

ತಾಯಕ್ಕ ಅವನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು, ಎಲ್ಲಿಂದ ಕೆಲಸ ಶುರು ಮಾಡಬೇಕೆಂದು ಲೆಕ್ಕ ಹಾಕುವವಳಂತೆ. ಆಮೇಲೆ ಸ್ಟೂಲಿನ ಮೇಲಿದ್ದ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಅದನ್ನು ಒರೆಸಿ, ಅವನ ಕಡೆ ತಳ್ಳಿದಳು.

“ಗಿರಾಕಿ ಅಲ್ಲಪ್ಪಾ. ದಂಡಪಿಂಡ,” ಎಂದಳು. ತಡೆದು, ಮೆಲ್ಲಗೆ ಸೇರಿಸಿದಳು: “ನಮ್ದ.”