ಆಷಾಢ ಒಲ್ಲದ ಕಂಪ್ಯೂಟರು

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಫೋನು ಬಂತು.

"ಅಕ್ಕಾರ, ಲಗೂನ ಬರ್ರಿ. ಜೀಪು ಬಂದೈತಿ..."

ನೀಲಗಂಗಮ್ಮ. ಕೂಡ್ಲಿಗಿಯಲ್ಲಿ ನೀರು ಪರೀಕ್ಷೆಯ ಲ್ಯಾಬು ಅವಳದು. ಉಜ್ಜಿನಿ ಕಡೆಯ ಒಂದು ಹಳ್ಳಿಯ ಬಾವಿಗೆ ಕಾರ್ಖಾನೆಯ ವಿಷ ಇಳಿದಿತ್ತು. ವರದಿಯ ಕಾಗದ ಬಳ್ಳಾರಿಯ ಜಿಲ್ಲಾ ಕಚೇರಿಗೆ ಹೋದರೆ ಬಾವಿಗೆ ಬೀಗ. ಹೋಗದಿದ್ದರೆ ಜನ ಅದನ್ನೇ ಕುಡಿಯುತ್ತಾರೆ.

ಒಂಬತ್ತು ದಿನದಿಂದ ಕುಡಿಯುತ್ತಲೇ ಇದ್ದರು.

ಯಾಕೆ ಅಂತೀರಾ? ಅಂಕಿಗಳೆಲ್ಲ ಅವಳ ಲಿನಕ್ಸ್ ಕಂಪ್ಯೂಟರಿನಲ್ಲಿ. ಅವನ್ನು ಓದಿ ವರದಿ ಕೊಡುವ ಹೊಸ ಸಾಫ್ಟ್‌ವೇರು ಏಳುತ್ತಿರಲಿಲ್ಲ. ಏಳದ್ದನ್ನು ಎಬ್ಬಿಸುವುದೇ ನನ್ನ ಕಸುಬು.

ಲ್ಯಾಬಿಗೆ ಓಡಿದೆ. ಬಾಗಿಲಲ್ಲಿ ಕಾರ್ಖಾನೆಯ ಬೀರಲಿಂಗೇಶ್. ಹಿಂದೆ ಇಬ್ಬರು.

"ಹನ್ನೆರಡಕ್ಕ ಈ ಡಬ್ಬಿ ಒಯ್ತೀವಿ ಯವ್ವಾ. ರಿಪೇರಿಗೆ."

"ನಾ ಬಂದೀನಲ್ಲೋ, ರಿಪೇರಿಗೆ."

"ಇದು ನಿನ್ನ ಕೈಲೆ ಏಳೂದಿಲ್ಲ."

"ಚಾ ಕುಡುದಿಲ್ಲ. ತರಿಸ್ತೀಯೇನು?"

ಅವನು ಜೀಪಿಗೆ ಹೋಗಿ ಕೂತ.

ಹನ್ನೊಂದೂಕಾಲು.

ಸಾಫ್ಟ್‌ವೇರಿನ ಹೆಸರು ಒತ್ತಿದೆ. ಕಪ್ಪು ಪರದೆ... ಮಾತಿಲ್ಲ. ಫೈಲಿನ ಜಾಗ ಸರಿ. ಪರ್ಮಿಷನ್ನೂ ಸರಿ. ಅವಸರ ಮಾಡಲಿಲ್ಲ. ತಪ್ಪುಗಳನ್ನು ಬರೆದಿಡುವ ಲಾಗ್ ಫೈಲು ತೆರೆದೆ. ಕೊನೆಯ ಸಾಲು ಓದಿದೆ.

ಲೈಸೆನ್ಸು ಶುರುವಾಗುವುದು ೨೦೦೩ರ ಜುಲೈ ಹತ್ತಕ್ಕೆ.

ಅವತ್ತು ಜುಲೈ ಹತ್ತೊಂಬತ್ತು. ಕಂಪ್ಯೂಟರಿಗೆ ತಾರೀಖು ಕೇಳಿದೆ. ಜುಲೈ ಐದು ಎಂದಿತು.

"ನೀಲಗಂಗೀ, ತಾರೀಖು ಯಾರು ಹಿಂದಕ್ಕ ತಿರುಗಿಸಿದ್ರು?"

ಅವಳು ತಲೆ ತಗ್ಗಿಸಿದಳು.

"ನಾನಾರಿ. ಆಷಾಢದಾಗ ಹೊಸಾದು ಶುರು ಮಾಡಬಾರದಲ್ರಿ... ಪೂಜಿ ಹೊತ್ತಿಗೆ ಎರಡು ವಾರ ಹಿಂದಕ್ಕ, ಜೂನಿಗೆ ತಂದ್ನಿ. ಹಂಗ ಬಿಟ್ನಿ."

"ಊರಿಗೆಲ್ಲ ಆಷಾಢ, ನಿನ್ನ ಡಬ್ಬಿಗಷ್ಟ ಜ್ಯೇಷ್ಠ?"

ತಾನು ಹುಟ್ಟುವ ಮೊದಲೇ ದುಡಿ ಎಂದರೆ ಯಾವ ಸಾಫ್ಟ್‌ವೇರು ದುಡಿದೀತು?

ಡಬ್ಬಿಯ ಯಜಮಾನಿಕೆ ಕೊಡುವ ರೂಟ್ ಪಾಸ್‌ವರ್ಡ್ ಅವಳಿಂದ ಇಸಿದುಕೊಂಡು ತಾರೀಖು ತಿದ್ದಿದೆ. ಮತ್ತೆ ಹೆಸರು ಒತ್ತಿದೆ.

ಎದ್ದಿತು.

ಪ್ರಿಂಟರು ಕಿರುಗುಟ್ಟಿತು. ಮೊದಲ ಪ್ರತಿಗೆ ನೀಲಗಂಗಮ್ಮ ಸಹಿ ಹಾಕಿದಳು. ಹಿತ್ತಲ ಬಾಗಿಲು ತೋರಿಸಿದೆ. ಅದನ್ನು ಹಿಡಿದುಕೊಂಡು ಹೋದಳು. ಎರಡನೆಯದು ಹೊರಬರುವಷ್ಟರಲ್ಲಿ ಬೀರಲಿಂಗೇಶ್ ನನ್ನ ಬೆನ್ನ ಹಿಂದೆ.

ಕಸಿದ. ಹರಿದ. ಪ್ರಿಂಟರಿನ ವೈರು ಕಿತ್ತು ಮುಂಗೈಗೆ ಸುತ್ತಿಕೊಂಡ.

"ಮುಗೀತು. ಆಕಿ ಎಲ್ಲಿ ಅದಾಳ?"

"ನಿನಗ ಚಾ ತರಾಕ ಹೋಗ್ಯಾಳ."

ವೈರು ನನ್ನ ಕೊರಳಿಗೆ ತಾಗಿತು. ತಣ್ಣಗಿತ್ತು. ನಾನು ಗಡಿಯಾರ ನೋಡುತ್ತ ಕೂತೆ. ಐದು ನಿಮಿಷ... ಹತ್ತು...

ಮುಂಬಾಗಿಲು ಸದ್ದಾಯಿತು. ನೀಲಗಂಗಮ್ಮ. ಕೈಯಲ್ಲಿ ಚಹಾ ಇರಲಿಲ್ಲ. ಬಳ್ಳಾರಿಗೆ ಕಳಿಸಿದ ರಿಜಿಸ್ಟರ್ಡ್ ಪೋಸ್ಟಿನ ರಸೀತಿ ಇತ್ತು.

ವೈರು ಸಡಿಲವಾಯಿತು.

ರಸೀತಿಯನ್ನು ಅವನ ಕೈಗೇ ಕೊಟ್ಟೆ. ಅವನಿಗೆ ಹರಿಯಲು ಏನಾದರೂ ಬೇಕಿತ್ತಲ್ಲ.