ಸಣ್ಣ ದನಿ, ದಪ್ಪ ದನಿ

ಸಂಜೆಗೆ ಐಸ್ ಕರಗುವುದರೊಳಗೆ ದಡಾರದ ಲಸಿಕೆಯ ಡಬ್ಬಿ ಯಾಓಂಬೊಲೆ ಹಳ್ಳಿ ಮುಟ್ಟಬೇಕಿತ್ತು. ಅಲ್ಲಿ ಆಗಲೇ ಎರಡು ಮಕ್ಕಳು ತೀರಿಕೊಂಡಿದ್ದವು. ಡಬ್ಬಿ ಹಿಡಿದು ದೋಣಿ ಹತ್ತಿದ ನರ್ಸ್ ಲಿಟುಕಾಳ ಮಗಳೂ ಅಲ್ಲೇ ಅಜ್ಜಿಯ ಮನೆಯಲ್ಲಿದ್ದಳು.

ಮೋಟಾರು ದೋಣಿ ನಡೆಸುವವಳು ಮುದುಕಿ ಅಫೊಯೊ. ಮುಂದೆ ನಿಂತು ಕೋಲಿಳಿಸಿ ಆಳ ಕೂಗುವವನಿಗೆ ಅದೇ ದಿನ ಜ್ವರ ಬರಬೇಕೆ? ಬದಲಿಗೆ ಸಿಕ್ಕಿದವನು ಇಗರ್ಜಿಯ ಹಾಡಿನ ಮೇಷ್ಟ್ರು ಲೊಫೆಂಬೊ. ಮೋಟಾರಿನ ಸದ್ದಿನಲ್ಲಿ ಮಾತು ಕೇಳದು, ದನಿಯಲ್ಲೇ ಆಳ ತಿಳಿಸಬೇಕು. ದನಿಯ ಪಾಠ ತನಗೇ ಹೇಳುತ್ತೀರಾ ಎಂದು ನಕ್ಕ. ಹೇಳಬೇಕಿತ್ತು.

ಅಲ್ಲಿ ಕಾಂಗೊ ನದಿ ದ್ವೀಪಗಳ ನಡುವೆ ಹತ್ತಾರು ಕವಲಾಗಿ ಹರಿಯುತ್ತದೆ. ನಿನ್ನೆ ಇದ್ದ ಮರಳದಿಬ್ಬ ಇಂದು ಅಲ್ಲಿರುವುದಿಲ್ಲ. ಅಂದು ಮಂಜು ಬೇರೆ. ಅಫೊಯೊಗೆ ದೋಣಿಯ ಮೂತಿಯೇ ಕಾಣುತ್ತಿರಲಿಲ್ಲ.

ಲೊಫೆಂಬೊ ದಪ್ಪ ದನಿ ತೆಗೆದ. ಅಫೊಯೊ ವೇಗ ಹೆಚ್ಚಿಸಿದಳು.

ಕರ್ರ್! ದೋಣಿ ಮರಳಿಗೆ ಕಚ್ಚಿಕೊಂಡಿತು.

ಇಳಿದು ತಳ್ಳಿದರು. ಅರ್ಧ ಗಂಟೆಯಲ್ಲಿ ಮತ್ತೆ ಅದೇ ಕತೆ.

"ಮೊಣಕಾಲುದ್ದ ನೀರಿಗೆ ಯಾಕೋ ದಪ್ಪ ದನಿ ತೆಗೆದೆ?" ಅಫೊಯೊ ಗದರಿದಳು.

"ಕೋಲಿನ ಒದ್ದೆ ಗುರುತು ಕೆಳಗಿಳೀತು, ದನೀನೂ ಇಳಿಸ್ದೆ. ಇಗರ್ಜೀಲಿ ಕೈ ಎತ್ತಿದ್ರೆ ಸಣ್ಣ ದನಿ, ಇಳಿಸಿದ್ರೆ ದಪ್ಪ ದನಿ, ಹಾಗೇ ಕಲಿಸ್ತೀನಮ್ಮ."

ಅಫೊಯೊ ಹಣೆ ಚಚ್ಚಿಕೊಂಡಳು. ದನಿ ಹತ್ತಿ ಇಳಿಯುವುದಕ್ಕೆ ಅದೇನು ಏಣಿಯೇ? ಸೊಳ್ಳೆಗೆ ಸಣ್ಣ ದನಿ, ನೀರಾನೆಗೆ ದಪ್ಪ ದನಿ. ಕೊಂಚ ನೀರಿಗೆ ಸಣ್ಣದು, ತುಂಬು ನೀರಿಗೆ ದಪ್ಪದು. ನದಿಯವರೆಲ್ಲ ಕೂಗುವುದೇ ಹೀಗೆ.

ಗೊತ್ತಾಯಿತು ಎಂದ. ಎಲ್ಲಿ ಗೊತ್ತಾಯಿತು, ಅವನ ತಲೆ! ಆಳ ಹೆಚ್ಚಿದಾಗಲೆಲ್ಲ ಅಭ್ಯಾಸದ ಕೈ ಮೇಲೇಳುತ್ತಿತ್ತು, ಕಮ್ಮಿಯಾದಾಗ ಇಳಿಯುತ್ತಿತ್ತು, ದನಿ ಅದರ ಹಿಂದೆ ಓಡುತ್ತಿತ್ತು. ಮೂರನೆಯ ಸಲವೂ ಮರಳು. ಲಿಟುಕಾ ಡಬ್ಬಿ ಅಲುಗಿಸಿ ನೋಡಿದಳು. ಒಳಗೆ ನೀರು ಕುಲುಕಿತು. ಇವನನ್ನು ಹೊಳೆಗೆ ನೂಕಿಬಿಡುತ್ತೇನೆ ಎಂದು ಅತ್ತೇಬಿಟ್ಟಳು.

ಅಫೊಯೊ ಲೊಫೆಂಬೊನ ಭುಜ ಹಿಡಿದಳು. "ಯೋಚ್ನೆ ಮಾಡ್ಬೇಡ, ಮೈಯಿಂದ ಕೂಗು. ನೀರು ಕಮ್ಮಿಯಾದ್ರೆ ಕುಕ್ಕರಿಸಿ ಮುದುರ್ಕೋ. ಹೆಚ್ಚಾದ್ರೆ ಕಾಲಗಲಿಸಿ ಎದೆ ಬಿಡು. ದನಿ ತಾನೇ ಬರುತ್ತೆ."

ಮುದುರಿದ, ಕೀಚಲು ದನಿ ಬಂತು. ಅಫೊಯೊ ದೋಣಿ ತಿರುಗಿಸಿದಳು.

ಎದ್ದು ಎದೆ ಬಿಟ್ಟ. ದಪ್ಪ ದನಿ ಬಂತು. ದೋಣಿ ನುಗ್ಗಿತು.

ಮೂರು ಗಂಟೆ ಕೂತೆದ್ದು ಅವನ ತೊಡೆ ನಡುಗತೊಡಗಿದವು. ಮರಳು ಮಾತ್ರ ಮತ್ತೆ ತಾಗಲಿಲ್ಲ.

ಹಳ್ಳಿಯಲ್ಲಿ ಡಬ್ಬಿ ತೆರೆದಾಗ ಹೆಬ್ಬೆರಳಿನಷ್ಟು ಐಸ್ ಉಳಿದಿತ್ತು. ಲಿಟುಕಾ ಎಲ್ಲ ಮಕ್ಕಳಿಗೂ ಚುಚ್ಚಿ, ಕೊನೆಗೆ ಮಗಳ ತೋಳು ಹಿಡಿದಳು. ಮಗು ಊರೆಲ್ಲ ಕೇಳುವಂತೆ ಅತ್ತಿತು. ಮರುದಿನ ಮೂವರೂ ಅದೇ ಮಂಜಿನಲ್ಲಿ, ಎಲ್ಲೂ ಸಿಕ್ಕಿಕೊಳ್ಳದೆ ಮನೆ ಸೇರಿದರು.

ತಿಂಗಳ ಮೇಲೆ ಒಂದು ಭಾನುವಾರ ಇಗರ್ಜಿಯಲ್ಲಿ ಲಿಟುಕಾ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಹಾಡು ಸಣ್ಣ ದನಿಗೆ ಬಂದಾಗ ಲೊಫೆಂಬೊನ ಕೈ ಮೇಲೇಳಲಿಲ್ಲ. ಅವನಿಗೇ ಗೊತ್ತಿಲ್ಲದೆ ಮಂಡಿ ಮಡಚಿತು. ಮೇಷ್ಟ್ರನ್ನೇ ನೋಡುತ್ತಿದ್ದ ಇಪ್ಪತ್ತು ಹಾಡುಗಾರರೂ ಕುಕ್ಕರಿಸಿದರು.

ಮಗು ಕಿಲಕಿಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಅಫೊಯೊ ಮೊದಲ ಸಲ ಅವನತ್ತ ತಲೆದೂಗಿದಳು.