ಕ್ಯಾಮ್‌ಶಾಫ್ಟ್ ಹಿಡಿದ ಕೈ

ನನಗೆ ಮೂರನೇ ಕೈ ಇರಲಿಲ್ಲ.

ಇದ್ದ ಎರಡೂ ಒಂದು ಸ್ಪ್ಯಾನರ್ ಮೇಲಿದ್ದವು. ಸ್ಪ್ಯಾನರ್ ನನ್ನ ಕಾರಿನ ಕ್ಯಾಮ್‌ಶಾಫ್ಟ್ ಮೇಲಿತ್ತು. ಮುನೇಶನ ಲಾಂಗು ನನ್ನ ಕತ್ತಿನ ಮೇಲಿತ್ತು.

"ಕೈ ಎತ್ತು ಗುರು," ಎಂದ ಮುನೇಶ.

"ಎತ್ತಬೇಡಿ ಸಾರ್," ಎಂದಿತು ಕಾರಿನ ಅಡಿಯಿಂದ ಒಂದು ದನಿ. ಅದು ಮೆಕ್ಯಾನಿಕ್ ಅಕ್ಬರ್ ಪಾಷಾ. "ಎತ್ತಿದ್ರೆ ವಾಲ್ವು ಬಗ್ಗೋಗತ್ತೆ."

ನೀವು ನನಗೆ ಕೆಲಸ ಕೊಡಲು ಬಂದಿದ್ದೀರಿ. ಟೀ ಆರುವ ಮೊದಲು ಇದನ್ನು ಕೇಳಿಬಿಡಿ... ಆಮೇಲೂ ಕೊಡಬೇಕೆನಿಸಿದರೆ ಕೊಡಿ. ಆರ್.ಟಿ. ನಗರದಲ್ಲಿ, ಬೇಕರಿಯ ಮೇಲಿನ ಈ ಕೋಣೆಯಲ್ಲಿ ಗುಪ್ತ ತನಿಖೆ ನಡೆಸುತ್ತೇನೆ. ಹೆಸರು ಸೇತುರಾಮ. ಈ ಹೆಸರಿಟ್ಟುಕೊಂಡು ಯಾರನ್ನೂ ಹೆದರಿಸಲಾಗದು ಎಂದು ನನಗೂ ಗೊತ್ತು.

ಹೆಬ್ಬಾಳದಿಂದಾಚೆ ಏರ್‌ಪೋರ್ಟ್ ರಸ್ತೆಗೆ ಕಂಬಗಳು ಎದ್ದು, ಕಂಬದ ಮೇಲೆ ರಸ್ತೆ ಇನ್ನೂ ಬಂದಿರದ ಕಾಲ. ಯಲಹಂಕದ ಹತ್ತಿರ ಒಂದು ಕೆರೆಗೆ ಟಿಪ್ಪರ್‌ನಲ್ಲಿ ಮಣ್ಣು ತಂದು ಸುರಿಯುತ್ತಿದ್ದರು. ಕೆರೆಯ ಕಾವಲುಗಾರ ಮುನಿಆಂಜಿನಪ್ಪ ಅಡ್ಡ ನಿಂತ. ಟಿಪ್ಪರ್ ನಿಲ್ಲಲಿಲ್ಲ. ಓಡಿಸುತ್ತಿದ್ದವನು ಈ ಮುನೇಶನ ಅಣ್ಣ. ಪಕ್ಕದ ತಮ್ಮ ಮನೆಯ ಮಹಡಿಯಿಂದ ಅದನ್ನು ಕಂಡವರು ಒಬ್ಬರೇ, ಸತ್ಯವತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಿಟೈರ್ ಆದವರು. ಊರಿಂದೂರಿಗೆ ಕೂಗಿಯೇ ಮಾತಾಡಬೇಕಿದ್ದ ಟ್ರಂಕ್ ಕಾಲ್ ಕಾಲದ ಗಂಟಲು.

ಕಾವಲುಗಾರನ ಹೆಂಡತಿ ಮುನಿನಾರಾಯಣಮ್ಮ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ. ಆ ಅಮ್ಮನನ್ನು ಜೋಪಾನವಾಗಿ ಕೋರ್ಟಿಗೆ ಮುಟ್ಟಿಸಬೇಕು. ಹಿಂದೆ ಎರಡು ಸಲ ಅವರನ್ನು ಹೆದರಿಸಿ ಮನೆಯಲ್ಲೇ ಕೂರಿಸಿದ್ದರು. ಮೂರನೇ ಸಲವೂ, ಮಧ್ಯಾಹ್ನದೊಳಗೆ ಬಾರದಿದ್ದರೆ ಸಾಕ್ಷಿಯೇ ಇಲ್ಲವೆಂದು ಮುಂದುವರಿಯುತ್ತೇನೆ ಎಂದಿದ್ದರು ಜಡ್ಜು. ಅಲ್ಲಿಗೆ ಕೇಸು ಖಲಾಸ್.

ಸತ್ಯವತಿಯವರನ್ನು ಬಾಗಲೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಬಚ್ಚಿಟ್ಟಿದ್ದೆ. ವಿಚಾರಣೆಯ ದಿನ ಬೆಳಕು ಹರಿಯುತ್ತಲೇ ಅವರು ಚೀಲ ಹೆಗಲಿಗೇರಿಸಿ ಬಸ್‌ಸ್ಟಾಪಿನ ಕಡೆ ಹೊರಟರು. ತಡೆದೆ. ಸಾಕ್ಷಿಯನ್ನು ಬಸ್ಸಿನಲ್ಲಿ ಕರೆದೊಯ್ಯುವುದು ನನ್ನ ವೃತ್ತಿಗೆ ಶೋಭೆಯಲ್ಲ ಎಂದೆ. ಬೆನ್ನು ಹತ್ತುವವರ ದಾರಿ ತಪ್ಪಿಸಲು ಸುತ್ತು ಹಾಕಿಕೊಂಡು ಹೊರಟೆ.

ಯಾರೂ ಬೆನ್ನು ಹತ್ತಿರಲಿಲ್ಲ. ಸುತ್ತು ಹಾಕಿದ್ದಕ್ಕೆ ಕಾರು ಹುಣಸಮಾರನಹಳ್ಳಿಯಲ್ಲಿ, ಅಕ್ಬರ್ ಪಾಷಾನ ಶೆಡ್ಡಿನ ಹತ್ತಿರ, ಟಕಟಕ ಎಂದು ಕುಟ್ಟಿ ನಿಂತಿತು.

ಅಕ್ಬರ್ ಪಾಷಾ ಇಂಜಿನ್ ಮುಚ್ಚಳ ಬಿಚ್ಚಿ ಒಳಗೆ ನೋಡಿದ. ನನ್ನನ್ನು ನೋಡಿದ. ಆಯಿಲ್ ಎಲ್ಲಿ ಎಂದು ಕೇಳಿದ. ಹಾಕಬೇಕೆಂದು ಗೊತ್ತಿರಲಿಲ್ಲವೇ ಎಂದೂ ಕೇಳಿದ. ವಾಲ್ವುಗಳನ್ನು ತೆರೆದು ಮುಚ್ಚುವ ಸಲಾಕೆ, ಅಂದರೆ ಕ್ಯಾಮ್‌ಶಾಫ್ಟ್, ಸವೆದು ಹೋಗಿತ್ತು. ಅವನ ಶೆಡ್ಡಿನ ಹಿಂದೆ ಅದೇ ಮಾಡೆಲ್‌ನ ಗುಜರಿ ಕಾರೊಂದಿತ್ತು. ಅದರ ಶಾಫ್ಟ್ ಚೆನ್ನಾಗಿದೆ, ಊಟದ ಹೊತ್ತಿಗೆ ಹೈಕೋರ್ಟಿಗೇ ಬೇಕಾದರೂ ಹೋಗಿ ಎಂದ. ಯಲಹಂಕದಲ್ಲಿ ತನ್ನ ಕೈಗೆ ಬಾರದ ಇಂಜಿನ್ನೇ ಇಲ್ಲವಂತೆ.

ಕೆಲಸ ಮಾತ್ರ ಶುದ್ಧ. ಹಳೆಯ ಶಾಫ್ಟಿನ ಮೇಲಿನ ಕ್ಯಾಪುಗಳನ್ನು ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಒಂದೇ ಕಡೆ ಬಿಚ್ಚಿದರೆ ಶಾಫ್ಟ್ ಮುರಿಯುತ್ತದಂತೆ. ಗುಜರಿ ಕಾರಿನದಕ್ಕೆ ಆಯಿಲ್ ಸವರಿ, ಮಲಗಿಸಿ, ಕ್ಯಾಪುಗಳನ್ನು ನಂಬರ್ ನೋಡಿ ಕೂರಿಸಿ, ನಡುವಿನಿಂದ ಬಿಗಿದ. ಉಳಿದದ್ದು ಶಾಫ್ಟನ್ನು ಇಂಜಿನ್ನಿನ ಜೊತೆ ತಿರುಗಿಸುವ ಟೈಮಿಂಗ್ ಬೆಲ್ಟ್.

ಶಾಫ್ಟನ್ನು ಕದಲದಂತೆ ಲಾಕ್ ಮಾಡುವ ಟೂಲನ್ನು ಅವನ ಭಾವಮೈದ ಗಯಾಸ್ ಚಿಕ್ಕಬಾಣಾವರಕ್ಕೆ ಒಯ್ದಿದ್ದ.

"ಟೂಲ್ ಯಾಕೆ, ನೀವಿದ್ದೀರಲ್ಲ," ಎಂದ ಅಕ್ಬರ್. ಸ್ಪ್ಯಾನರ್ ಶಾಫ್ಟಿಗೆ ಕಚ್ಚಿಸಿ ನನ್ನ ಕೈಗಿಟ್ಟ. "ಪಿಸ್ಟನ್ ಮೇಲಕ್ಕೆ ತಂದಿದ್ದೀನಿ. ವಾಲ್ವಿನ ಸ್ಪ್ರಿಂಗ್ ಶಾಫ್ಟನ್ನ ಒದೀತಾ ಇರತ್ತೆ. ಬಿಟ್ರೆ ತಿರುಗಿ ವಾಲ್ವು ಹೋಗಿ ಪಿಸ್ಟನ್‌ಗೆ ಹೊಡೆಯತ್ತೆ. 'ಬಿಡಿ' ಅಂತ ಕಿವಿಗೆ ಬೀಳೋವರ್ಗೂ ಬಿಡಬೇಡಿ."

ಬೆಲ್ಟನ್ನು ಕೆಳಗಿನ ಚಕ್ರಕ್ಕೆ ಸಿಕ್ಕಿಸಲು ಅವನು ಕಾರಿನಡಿ ತೂರಿದ.

ಬೈಕೊಂದು ಬಂದು ನಿಂತಿತು.

ಮುನೇಶ ನನ್ನನ್ನು ಹೇಗೆ ಹುಡುಕಿದ ಎಂದು ಕೇಳುತ್ತೀರಾ? ನನ್ನ ಕಾರಿನ ಹಿಂದಿನ ಗಾಜಿನ ಮೇಲೆ ದೊಡ್ಡ ಹಳದಿ ಸ್ಟಿಕ್ಕರ್ ಇತ್ತು. 'ಸೇತುರಾಮ, ಗುಪ್ತ ತನಿಖೆ'. ಕೆಳಗೆ ಫೋನ್ ನಂಬರ್.

"ಆ ಅಮ್ಮ ಎಲ್ಲವ್ಳೆ?"

ಆ ಅಮ್ಮ ಶೆಡ್ಡಿನ ಹಿಂದೆ, ಟೈರುಗಳ ರಾಶಿಯ ಮರೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಗೊತ್ತಿಲ್ಲ ಎಂದೆ.

ಕೆನ್ನೆಗೆ ಬಿತ್ತು. ಸ್ಪ್ಯಾನರ್ ಬಿಡಲಿಲ್ಲ.

ಇನ್ನೊಂದು ಬಿತ್ತು. ಬಿಡಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಇಂಗೆ ಒಡೆದ್ರೂ ಕೈ ಎತ್ತಲ್ವಲ್ಲ ನೀನು," ಎಂದ ಮುನೇಶ. ದನಿಯಲ್ಲಿ ಒಂದಿಷ್ಟು ಮರ್ಯಾದೆ ಬಂದಿತ್ತು. "ಎದೆಗಾರ ಕಣ್ಲಾ."

"ಹಾಗೇ ಹಿಡ್ಕೊಳ್ಳಿ ಸಾರ್," ಎಂದ ಕೆಳಗಿನಿಂದ ಅಕ್ಬರ್. ಅವನು ಹೊರಗೆ ಬರುವ ಲಕ್ಷಣವಿರಲಿಲ್ಲ.

ಮುನೇಶನಿಗೆ ತಾಳ್ಮೆ ಮುಗಿಯಿತು. ಬಲಗೈಯ ಲಾಂಗು ನನ್ನ ಕತ್ತಿಗೊತ್ತಿ, ಎಡಗೈಯನ್ನು ಬಾನೆಟ್ಟಿನೊಳಗೆ ತೂರಿಸಿ, ನನ್ನ ಬೆರಳುಗಳನ್ನು ಒಂದೊಂದಾಗಿ ಕೀಳತೊಡಗಿದ. ಕತ್ತಿನ ಮೇಲೆ ಬಿಸಿಯಾಗಿ ಏನೋ ಇಳಿಯಿತು...

ಆಗ ಟೈರುಗಳ ಹಿಂದಿನಿಂದ ಟ್ರಂಕ್ ಕಾಲ್ ಬಂತು.

"ಬಿಡೋ!"

ಅವರು ಹೇಳಿದ್ದು ಮುನೇಶನಿಗೆ.

ಬಿಟ್ಟವನು ನಾನು.

ಸ್ಪ್ಯಾನರ್ ಗಿರ್ರನೆ ತಿರುಗಿ ಅವನ ಎಡ ಮಣಿಕಟ್ಟಿಗೆ ಬಡಿಯಿತು. ಇಂಜಿನ್ನಿನ ಹೊಟ್ಟೆಯಲ್ಲಿ ಟಣ್ ಎಂದಿತು. ಚೀರಿಕೊಂಡು ಹಿಂದೆ ಸರಿದವನ ಮೊಣಕೈ ಬಾನೆಟ್ಟನ್ನು ಎತ್ತಿ ನಿಲ್ಲಿಸಿದ್ದ ಕಡ್ಡಿಗೆ ತಗುಲಿ, ಕಡ್ಡಿ ಕಳಚಿ ಬಾನೆಟ್ಟು ಬಿತ್ತು. ಅವನ ಬೆನ್ನ ಮೇಲೆ ಅರ್ಧ. ನನ್ನ ತಲೆಯ ಮೇಲೆ ಅರ್ಧ. ನನ್ನ ಬಾಯಿ ಕಾರಿನ ಅಂಚಿಗೆ ಕುಟ್ಟಿತು. ಲಾಂಗು ಹಳೆ ಆಯಿಲ್ ಟ್ರೇಯಲ್ಲಿ ಮುಳುಗಿತು.

ಸತ್ಯವತಿ ನನ್ನ ಕಾಲರ್ ಹಿಡಿದು ಎಳೆದರು. ಓಡಿದೆವು. ಸರಿಯಾಗಿ ಹೇಳಬೇಕೆಂದರೆ, ಅವರು ಓಡಿದರು. ನಾನು ಕಾಲರ್‌ನ ಹಿಂದೆ ಹೋದೆ. ರಸ್ತೆಯಲ್ಲಿ ಬಸ್ಸು ಬರುತ್ತಿತ್ತು. ಅದು ಸ್ಟಾಪ್ ಅಲ್ಲ. ಅವರು ಕೂಗಿದ ಮೇಲೆ ಸ್ಟಾಪ್ ಆಯಿತು.

ಬಸ್ಸಿನ ಹಿಂದಿನ ಗಾಜಿನಲ್ಲಿ ಮುನೇಶ ಕಂಡ. ಬೈಕ್ ಸ್ಟಾರ್ಟ್ ಆಗಿತ್ತು. ಆದರೆ ಕ್ಲಚ್ ಹಿಡಿಯಬೇಕಾದ್ದು ಎಡಗೈ. ಬೈಕ್ ಕಪ್ಪೆಯ ಹಾಗೆ ನೆಗೆದು ಆಫ್ ಆಯಿತು. ಮತ್ತೆ ನೆಗೆಯಿತು. ಮತ್ತೆ ಆಫ್. ಅವನಿಗೂ ಒಂದು ಕೈ ಸಾಲದೆ ಹೋಗಿತ್ತು.

"ನಾನು ಹೇಳಿದ್ದು ಅವನಿಗಲ್ವೇನೋ ಸೇತು?" ಎಂದರು ಸತ್ಯವತಿ.

"ಗೊತ್ತಿತ್ತು ಅಮ್ಮ. ಬೇಕಂತಲೇ ಬಿಟ್ಟೆ."

ಅವರು ಇಬ್ಬರಿಗೂ ಟಿಕೆಟ್ ತೆಗೆದುಕೊಂಡರು.

"ಬಾಯಿ ಮುಚ್ಚು. ರಕ್ತ ಬರ್ತಿದೆ."

ಕೋರ್ಟಿನಲ್ಲಿ ಅವರು ಬೆರಳೆತ್ತಿ ಮುನೇಶನ ಅಣ್ಣನನ್ನು ತೋರಿಸಿದರು. ಮೈಕ್ ಬೇಕಾಗಲಿಲ್ಲ. ಮುನಿನಾರಾಯಣಮ್ಮ ಅಳಲಿಲ್ಲ. ಹೊರಗೆ ಬಂದ ಮೇಲೆ, ಬಾಯಿಗೆ ಒತ್ತಿಕೊಳ್ಳಲು ನನಗೆ ಒದ್ದೆ ಬಟ್ಟೆ ಕೊಟ್ಟರು.

ಸಂಜೆ ಅಕ್ಬರ್ ಪಾಷಾ ಫೋನ್ ಮಾಡಿದ.

"ಸಾರ್, ನಾನು ಬಿಡಿ ಅಂದೇ ಇರ್ಲಿಲ್ಲ."

ಹೋದದ್ದು ಇಷ್ಟು: ವಾಲ್ವು ನಾಲ್ಕು, ಹಲ್ಲು ಎರಡು. ಸ್ಟಿಕ್ಕರನ್ನು ನಾನೇ ಕೆರೆದು ತೆಗೆದೆ. ಅದೂ ಸೇರಿ ಏಳು.